ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬರ್ತಿದೆ, ನಾವು ಬೇಡ ಅಂದ್ರೆ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ಬೆಂಗಳೂರಿನ ಅಂಚಿನ ಒಂದು ಲೇಔಟ್. ಎಲ್ಲ 30×40 ಸೈಟು, ಎರಡು-ಮೂರು ಮಹಡಿ ಮನೆಗಳು. ಪಕ್ಕದ ಖಾಲಿ ಜಮೀನಿಗೆ ತಗಡು ಹೊಡೆದಿದ್ದಾರೆ. ಹದಿನೆಂಟು ಮಹಡಿ ಏಳುತ್ತಂತೆ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಡಾವಣೆಯವರೆಲ್ಲ ಸಹಿ ಹಾಕಿ ಕೊಟ್ಟರೆ ನಿಲ್ಲಿಸಬಹುದಾ?

ಉತ್ತರ: ಬರೀ ಸಹಿಗೆ ನಿಲ್ಲುವುದಿಲ್ಲ. ಬೇಜಾರಾಗಬಹುದು, ಆದರೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ನಿಮ್ಮನ್ನು ಕೇಳಲಿಲ್ಲ ಅಂದಿರಲ್ಲ, ಕೇಳಬೇಕು ಅಂತ ಕಾನೂನಿನಲ್ಲೇ ಇಲ್ಲ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಅದೇ ಅಧಿಸೂಚನೆ ಇಂಥ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದೂ ಹೇಳಿದೆ. ಕಾರ್ಖಾನೆ, ಗಣಿ ಬಂದರೆ ಊರವರನ್ನು ಕೂರಿಸಿ ಕೇಳುತ್ತಾರೆ, ಅಪಾರ್ಟ್‌ಮೆಂಟ್‌ಗೆ ಕೇಳುವುದಿಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ.

ನಿಮ್ಮ ಮಾತಿಗೆ ಜಾಗ ಇರುವುದು ಭೂ ಉಪಯೋಗ ಬದಲಾಗುವಾಗ. ಕೃಷಿ ಅಥವಾ ಉದ್ಯಾನಕ್ಕೆಂದು ಗುರುತಿಸಿದ ಜಾಗವನ್ನು ವಸತಿಗೆ ಬದಲಿಸುವುದಾದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಎಷ್ಟು ಜನ ಓದುತ್ತಾರೆ, ಅದು ಬೇರೆ ಮಾತು. ಜಾಗ ಮೊದಲಿಂದಲೂ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಳದಿ ಬಣ್ಣದಲ್ಲಿದ್ದರೆ, ಅಂದರೆ ವಸತಿ ವಲಯವಾಗಿದ್ದರೆ, ಆ ಬಾಗಿಲೂ ಮುಚ್ಚಿತು.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ‘ನಮಗೆ ಬೇಡ’ ಅನ್ನುವುದನ್ನು ಬಿಟ್ಟು, ‘ಇಲ್ಲಿ ಈ ನಿಯಮ ಮುರಿದಿದ್ದಾರೆ’ ಎಂದು ತೋರಿಸಬೇಕು. ಅದಕ್ಕೆ ಮೊದಲು ಪ್ಲಾನ್ ಕೈಗೆ ಬರಬೇಕು. ಇಷ್ಟು ದೊಡ್ಡ ಪ್ರಾಜೆಕ್ಟ್ ಫ್ಲ್ಯಾಟ್ ಮಾರುವ ಮೊದಲೇ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು. ಕರ್ನಾಟಕ ರೇರಾದ ವೆಬ್‌ಸೈಟ್‌ನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿದರೆ ಅವರು ಸಲ್ಲಿಸಿದ ಕಾಗದಪತ್ರ ನೋಡಬಹುದು. ಅಲ್ಲಿ ಸಿಗದಿದ್ದರೆ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಅನ್ನುವ ನಿಯಮ ಇದೆ. ಕಥೆ ಬರೆಯಬೇಡಿ. ಮಂಜೂರಾದ ನಕ್ಷೆ, ನಿರಾಕ್ಷೇಪಣಾ ಪತ್ರಗಳು, ಅವುಗಳ ದಿನಾಂಕ, ಇಷ್ಟು ಕೇಳಿ.

ನಕ್ಷೆ ಸಿಕ್ಕ ಮೇಲೆ ಮೊದಲು ರಸ್ತೆ ನೋಡಿ. ಎಷ್ಟು ಕಟ್ಟಬಹುದು ಅನ್ನುವುದು ಮುಂದಿನ ರಸ್ತೆ ಎಷ್ಟು ಅಗಲ ಅನ್ನುವುದರ ಮೇಲೆ ನಿಂತಿದೆ. ರಸ್ತೆ ಅಗಲವಾದಷ್ಟೂ ಜಾಸ್ತಿ ಮಹಡಿ. ಹಾಗಾಗಿ ನಕ್ಷೆಯಲ್ಲಿ ರಸ್ತೆ ಆದಷ್ಟು ಅಗಲವಾಗಿ ಕಂಡರೆ ಬಿಲ್ಡರ್‌ಗೇ ಲಾಭ. ನೀವು ಟೇಪು ಹಿಡಿದು ಹೋಗಿ. ಈ ಕಾಂಪೌಂಡಿಂದ ಆ ಕಾಂಪೌಂಡಿಗೆ, ಒಂದೇ ಕಡೆ ಅಲ್ಲ, ಮುಖ್ಯರಸ್ತೆ ಸೇರುವವರೆಗೂ ನಾಲ್ಕೈದು ಕಡೆ ಅಳೆಯಿರಿ. ಗೇಟಿನ ಮುಂದೆ 40 ಅಡಿ ಇದ್ದು, ತಿರುವಿನಲ್ಲಿ ಕರೆಂಟ್ ಕಂಬ, ಮೋರಿ ಸೇರಿ 25 ಅಡಿ ಆಗಿದ್ದರೆ ಟೇಪಿನ ಸಮೇತ ಫೋಟೊ ತೆಗೆದಿಡಿ. ಅಗ್ನಿಶಾಮಕ ವಾಹನ ಆ ತಿರುವಿನಲ್ಲಿ ಹೇಗೆ ತಿರುಗುತ್ತದೆ ಅನ್ನುವ ಪ್ರಶ್ನೆಗೆ ಅಧಿಕಾರಿಗಳು ಬಾಯಿಮಾತಿನ ಉತ್ತರ ಕೊಡಲಾಗದು.

ಆಮೇಲೆ ಕಾಲುವೆ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಜಮೀನಿನ ಪಕ್ಕ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆದು ‘ಬಿ ಖರಾಬು’ ಎಷ್ಟಿದೆ ನೋಡಿ. ಬಿ ಖರಾಬು ಅಂದರೆ ಹಳ್ಳ, ಕಾಲುವೆ, ದಾರಿ ಇಂಥದ್ದಕ್ಕೆ ಬಿಟ್ಟ ಸರ್ಕಾರಿ ಜಾಗ. ಹಳೆಯ ಗ್ರಾಮ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಈಗ ಒಣಗಿ ಕಸ ತುಂಬಿದ ಗುಂಡಿ ಆ ನಕ್ಷೆಯಲ್ಲಿ ಕಾಲುವೆ ಆಗಿರಬಹುದು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಕಟ್ಟಡಗಳ ವಿರುದ್ಧ ನಾಗರಿಕರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಎನ್‌ಜಿಟಿ) ಹೋಗಿದ್ದೂ ಕೆರೆ, ಕಾಲುವೆಯ ವಿಚಾರಕ್ಕೇ. ಆ ಪ್ರಕರಣದಲ್ಲಿ ಮಂಡಳಿ 2016ರಲ್ಲಿ ಕೆರೆಯಿಂದ 75 ಮೀಟರ್ ಬಿಡಬೇಕು ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತ್ತೆ ಬಂದದ್ದು 2015ರ ಮಹಾಯೋಜನೆಯ ಲೆಕ್ಕ: ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿ 50, 25 ಅಥವಾ 15. ಈ ಅಂತರವನ್ನು ಕಡಿಮೆ ಮಾಡುವ ಪ್ರಯತ್ನ ನಡೆಯುತ್ತಲೇ ಇದೆ. ನಿಮ್ಮ ಪಕ್ಕದ ಪ್ಲಾನ್ ಮಂಜೂರಾದ ದಿನ ಯಾವ ನಿಯಮ ಜಾರಿಯಲ್ಲಿತ್ತು ಅಂತ ನೋಡಿಕೊಂಡೇ ದೂರು ಬರೆಯಿರಿ.

ಇದೆಲ್ಲ ಮಾಡಿದರೂ ಗೆಲ್ಲುತ್ತೇವಾ? ನೋಯ್ಡಾದ ಅವಳಿ ಗೋಪುರಗಳ ಕಥೆ ನೆನಪಿರಬಹುದು. ಅಲ್ಲಿನ ನಿವಾಸಿಗಳು ಪ್ಲಾನ್ ಕೇಳಿದರೆ ಕೊಡಲೇ ಇಲ್ಲ. 2012ರಲ್ಲಿ ಹೈಕೋರ್ಟಿಗೆ ಹೋದರು. ಎರಡು ಕಟ್ಟಡಗಳ ನಡುವೆ 16 ಮೀಟರ್ ಬಿಡಬೇಕಿತ್ತು, ಬಿಟ್ಟಿದ್ದು 9 ಮೀಟರ್. 2014ರಲ್ಲಿ ಹೈಕೋರ್ಟ್ ಕೆಡವಲು ಹೇಳಿತು, 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 2022ರ ಆಗಸ್ಟ್ 28ರಂದು ಗೋಪುರಗಳು ನೆಲಕ್ಕುರುಳಿದವು. ಗೆದ್ದರು ನಿಜ, ಆದರೆ ಹತ್ತು ವರ್ಷ ಹಿಡಿಯಿತು. ನೀವು ತಳಪಾಯ ಹಾಕುವ ಮೊದಲೇ ಎದ್ದರೆ ಅಷ್ಟು ಎಳೆಯುವುದಿಲ್ಲ. ಪರಿಸರ ಅನುಮತಿ ಪ್ರಶ್ನಿಸುವುದಾದರೆ ಹಸಿರು ನ್ಯಾಯಮಂಡಳಿಯಲ್ಲಿ 30 ದಿನದ ಗಡುವು, ಸರಿಯಾದ ಕಾರಣ ಕೊಟ್ಟರೆ ಇನ್ನು 60 ದಿನ. ಅದು ದಾಟಿದರೆ ಮುಗಿಯಿತು.

ಕೆಲವು ವಾದಗಳನ್ನು ದಯವಿಟ್ಟು ಬಿಡಿ. ಬಾಲ್ಕನಿಯಿಂದ ಕಾಣುತ್ತಿದ್ದ ತೆಂಗಿನ ತೋಟ ಕಾಣಲ್ಲ ಅನ್ನುವುದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ನಿಮ್ಮ ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು, ಗಾಳಿ ಬರುತ್ತಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಒಂದು ಹಕ್ಕು ಇದೆ, ಅದೂ ನಷ್ಟ ದೊಡ್ಡದು ಅಂತ ತೋರಿಸಿದರೆ ಮಾತ್ರ. ಹತ್ತು ವರ್ಷದ ಲೇಔಟಿಗೆ ಅದು ಸಿಗಲ್ಲ. ಇನ್ನು ‘ಎಂಥೆಂಥವರೋ ಬಂದು ಸೇರ್ಕೋತಾರೆ’ ಅನ್ನುವ ಮಾತು. ಸಭೆಯಲ್ಲಿ ಯಾರಾದರೂ ಅದನ್ನು ತೆಗೆದರೆ ಅಲ್ಲೇ ನಿಲ್ಲಿಸಿ. ನಾವು ಸೈಟು ಕೊಂಡಾಗ ಊರಿನವರು ನಮ್ಮ ಬಗ್ಗೆಯೂ ಹಾಗೇ ಅಂದಿರುತ್ತಾರೆ, ಅಲ್ವಾ?

ಯಾವ ತಪ್ಪೂ ಸಿಗಲಿಲ್ಲ ಅನ್ನಿ. ಆಗ ನಿಲ್ಲಿಸುವ ಆಸೆ ಬಿಟ್ಟು ಷರತ್ತುಗಳ ಕಡೆ ತಿರುಗಿ. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಬೋರ್‌ವೆಲ್ ಕೊರೆಯುವಂತಿಲ್ಲ, ಆ ಅನುಮತಿ ಇದೆಯಾ ಕೇಳಿ. ಬೇಸ್‌ಮೆಂಟ್ ಅಗೆಯಲು ಜೆಸಿಬಿ ಬರುವ ಮೊದಲು ಜಮೀನಿಗೆ ತಾಗಿದ ಪ್ರತಿ ಮನೆಯ ಗೋಡೆ, ಸಂಪು, ಕಾಂಪೌಂಡಿನ ಫೋಟೊ ದಿನಾಂಕ ಸಹಿತ ತೆಗೆದಿಡಿ. ಈಗಾಗಲೇ ಇರುವ ಬಿರುಕನ್ನೂ ಮುಚ್ಚಿಡದೆ ಅದರಲ್ಲಿ ಸೇರಿಸಿ. ಒಂದು ಪ್ರತಿ ಬಿಲ್ಡರ್ ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.