ಎದೆಬಡಿತ ಮಾಪಕದ ಡಾಂಗಲ್: ಸುಂಕದ ಪಟ್ಟಿಯಲ್ಲಿ ಅದರ ಜಾಗ ಯಾವುದು?

ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಓಡುವವರಲ್ಲಿ ಕೆಲವರು ಎದೆಗೆ ಪಟ್ಟಿಯೊಂದನ್ನು ಕಟ್ಟಿಕೊಂಡಿರುತ್ತಾರೆ. ಆ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿದು ತಂತಿಯಿಲ್ಲದೆ ಕೈಗಡಿಯಾರಕ್ಕೆ ಕಳಿಸುತ್ತದೆ. ಗಡಿಯಾರದಲ್ಲಿ ಕೂಡಿದ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಯುಎಸ್‌ಬಿ ಡಾಂಗಲ್ ಒಂದು ಇರುತ್ತದೆ. ಬಳಸುವವರಿಗೆ ಇವು ಮೂರೂ ಒಂದೇ ಸಾಮಾನು. ಆದರೆ ಡಾಂಗಲ್ ಮಾತ್ರ ಬೇರೆಯಾಗಿ ಹೊರದೇಶದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೋ ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೋ ಬಂದಾಗ, ಆಮದು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಅದಕ್ಕೊಂದು ಎಂಟು ಅಂಕಿಯ ಸಂಖ್ಯೆ ಬರೆಯಲೇಬೇಕು. ಅದು ಕಂಪ್ಯೂಟರಿನ ಬಿಡಿ ಉಪಕರಣವೋ, ವೈದ್ಯಕೀಯ ಸಾಧನದ ಭಾಗವೋ, ಸಂವಹನ ಯಂತ್ರವೋ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಫಿನ್‌ಲೆಂಡಿನ ಪೋಲಾರ್ ಸಂಸ್ಥೆ ನಿಸ್ತಂತು ಎದೆಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದದ್ದು 1982ರಲ್ಲಿ. ಕಂಪ್ಯೂಟರಿಗೆ ಜೋಡಿಸಬಹುದಾದ ಮಾದರಿ ಅದರ ಹಿಂದೆಯೇ ಬಂತು. ಇಂದು ಹೆಚ್ಚಿನ ದೇಶಗಳು ಬಳಸುವ ಸಾಮರಸ್ಯದ ಸರಕು ವರ್ಗೀಕರಣ ಜಾರಿಯಾದದ್ದು 1988ರ ಜನವರಿ 1ರಂದು. ಭಾರತ ಅದಕ್ಕೂ ಮುಂಚೆ, 1986ರಲ್ಲಿಯೇ, 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಅನುಸೂಚಿಯನ್ನು ಆ ಮಾದರಿಗೆ ಹೊಂದಿಸಿಕೊಂಡಿತು. ಮೊದಲ ಆರು ಅಂಕಿಗಳು ಅದನ್ನು ಬಳಸುವ ಎಲ್ಲ ದೇಶಗಳಿಗೂ ಸಮಾನ, ಕೊನೆಯ ಎರಡು ನಮ್ಮವು. ಹೀಗೆ ಸಾಧನವೂ ಸುಂಕದ ಪಟ್ಟಿಯೂ ಒಂದೇ ದಶಕದಲ್ಲಿ ಹುಟ್ಟಿದರೂ, ಗಡಿಯಾರದಿಂದ ಕಂಪ್ಯೂಟರಿಗೆ ಮಾಹಿತಿ ದಾಟಿಸುವ ಪುಟ್ಟ ಸಾಮಾನಿಗೆಂದೇ ಒಂದು ಸಾಲು ಅದರಲ್ಲಿ ಇರಲಿಲ್ಲ.

ಸಾಲು ಇಲ್ಲದಿದ್ದರೂ ಹಕ್ಕು ಹೇಳುವ ಶೀರ್ಷಿಕೆಗಳಿಗೆ (ಸಂಖ್ಯೆಯ ಮೊದಲೆರಡು ಅಂಕಿ ಅಧ್ಯಾಯ, ಮೊದಲ ನಾಲ್ಕು ಅಂಕಿ ಶೀರ್ಷಿಕೆ) ಕೊರತೆಯಿಲ್ಲ. 8471 ಕಂಪ್ಯೂಟರುಗಳಿಗೂ ಅವುಗಳ ಘಟಕಗಳಿಗೂ ಮೀಸಲು. 8473 ಅವುಗಳ ಭಾಗ ಮತ್ತು ಬಿಡಿ ಉಪಕರಣಗಳಿಗೆ. 8517 ದೂರವಾಣಿಗೂ ದತ್ತಾಂಶವನ್ನು ಕಳಿಸುವ, ಪಡೆಯುವ ಯಂತ್ರಗಳಿಗೂ. 9018 ಇಸಿಜಿ ಯಂತ್ರವೂ ಸೇರಿದಂತೆ ವೈದ್ಯಕೀಯ ಉಪಕರಣಗಳಿಗೆ. ಇವುಗಳಲ್ಲಿ 9018ರ ಹಕ್ಕು ಬಹಳ ಹೊತ್ತು ನಿಲ್ಲುವುದಿಲ್ಲ. ವೃತ್ತಿನಿರತ ವೈದ್ಯರ ಬಳಕೆಯ ಸಾಧನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಶೀರ್ಷಿಕೆ ಅದು ಎಂದು ವರ್ಗೀಕರಣದ ವಿವರಣಾ ಟಿಪ್ಪಣಿಗಳೇ ಹೇಳುತ್ತವೆ. ಓಟಗಾರರ ಎದೆಪಟ್ಟಿಯನ್ನೇ ಅದರೊಳಗೆ ಸೇರಿಸುವುದು ಕಷ್ಟವಿರುವಾಗ ಡಾಂಗಲ್ಲಿನ ಮಾತು ಇನ್ನೂ ದೂರ. ಅಲ್ಲದೆ, ವೈದ್ಯಕೀಯ ಸಾಧನವೆಂದು ಹೇಳಿಕೊಂಡವರು 2020ರ ಏಪ್ರಿಲ್‌ನಿಂದ ಔಷಧ ನಿಯಂತ್ರಕರ ನಿಯಮಗಳಿಗೂ ಉತ್ತರ ಹೇಳಬೇಕಾಗುತ್ತದೆ. ಅದೇ ವರ್ಷದ ಬಜೆಟ್ 9018ರಿಂದ 9022ರವರೆಗಿನ ಸರಕಿನ ಮೇಲೆ ಶೇಕಡ 5ರ ಆರೋಗ್ಯ ಸೆಸ್ಸನ್ನೂ ಹಾಕಿತು.

ನಿಜವಾದ ಎಳೆದಾಟ ಇರುವುದು 8471, 8473 ಮತ್ತು 8517ರ ನಡುವೆ. ವರ್ಗೀಕರಣದ 2007ರ ಪರಿಷ್ಕರಣೆಗೆ ಮೊದಲು, ಕಂಪ್ಯೂಟರಿಗೆ ಜೋಡಿಸುವ ಮಾಹಿತಿ ಸ್ವೀಕರಿಸುವ ಸಾಧನವನ್ನು 8471ರಲ್ಲಿಯೇ ಇಡಬಹುದೆಂಬ ವಾದಕ್ಕೆ ಬಲವಿತ್ತು. ಆ ಪರಿಷ್ಕರಣೆ 84ನೇ ಅಧ್ಯಾಯದ ಟಿಪ್ಪಣಿಯನ್ನು ತಿದ್ದಿ, ಪ್ರತ್ಯೇಕವಾಗಿ ಬಂದ ಮುದ್ರಕ, ಮಾನಿಟರ್, ಧ್ವನಿವರ್ಧಕಗಳ ಜೊತೆಗೆ ಧ್ವನಿ, ಚಿತ್ರ ಅಥವಾ ದತ್ತಾಂಶವನ್ನು ಕಳಿಸುವ ಮತ್ತು ಪಡೆಯುವ ಯಂತ್ರಗಳನ್ನೂ 8471ರಿಂದ ಹೊರಗಿಟ್ಟಿತು. ಡಾಂಗಲ್ಲಿನ ಕೆಲಸವೇ ಪಡೆಯುವುದು ಮತ್ತು ದಾಟಿಸುವುದು. ಆದ್ದರಿಂದ ಅದರ ಸಹಜ ಸ್ಥಾನ 8517ರ 62ನೇ ಉಪಶೀರ್ಷಿಕೆಯಾಯಿತು. 8473ರ ಹಾದಿಯನ್ನು ಇನ್ನೊಂದು ನಿಯಮ ಮುಚ್ಚುತ್ತದೆ: ಭಾಗವೆಂದು ಹೇಳಲಾಗುವ ವಸ್ತುವಿಗೆ ತನ್ನದೇ ಶೀರ್ಷಿಕೆಯಿದ್ದರೆ ಅದು ಅಲ್ಲಿಗೇ ಹೋಗಬೇಕು. ಅಳತೆ ಮತ್ತು ವೈದ್ಯಕೀಯ ಉಪಕರಣಗಳಿರುವ 90ನೇ ಅಧ್ಯಾಯದಲ್ಲಿಯೂ ಇದೇ ನಿಯಮವಿದೆ. ವಿದ್ಯುತ್ ಮೀಟರಿಗೆಂದೇ ತರಿಸಿದ ಎಲ್‌ಸಿಡಿಗಳನ್ನು ಮೀಟರಿನ ಭಾಗವೆಂದು ಪರಿಗಣಿಸದೆ 9013ರಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸೆಕ್ಯೂರ್ ಮೀಟರ್ಸ್ ಪ್ರಕರಣದಲ್ಲಿ ಹೇಳಿದ್ದೂ ಈ ಆಧಾರದ ಮೇಲೆಯೇ.

ಬೆಂಗಳೂರಿನ ಕಸ್ಟಮ್ಸ್‌ಗೆ ಈ ವಾದ ಹೊಸದಲ್ಲ. ಇಲ್ಲಿನ ಆಯುಕ್ತರು ಮತ್ತು ಎನ್.ಐ. ಸಿಸ್ಟಮ್ಸ್ ಕಂಪನಿಯ ನಡುವೆ 2010ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣದಲ್ಲಿ, ಗಣಕದೊಡನೆ ಕೆಲಸ ಮಾಡುವ ನಿಯಂತ್ರಕಗಳು 8471ಕ್ಕೆ ಸೇರುತ್ತವೆಯೋ 90ನೇ ಅಧ್ಯಾಯಕ್ಕೋ ಎಂಬುದೇ ಪ್ರಶ್ನೆಯಾಗಿತ್ತು. ದತ್ತಾಂಶ ಸಂಸ್ಕರಣೆಗಿಂತ ಬೇರೆಯಾದ ನಿರ್ದಿಷ್ಟ ಕೆಲಸವೊಂದು ಯಂತ್ರಕ್ಕೆ ಇದ್ದರೆ ಆ ಕೆಲಸದ ಶೀರ್ಷಿಕೆಯನ್ನೇ ನೋಡಬೇಕೆಂಬ ಟಿಪ್ಪಣಿ ಅಲ್ಲಿ ಕೇಂದ್ರಕ್ಕೆ ಬಂತು. ನನ್ನ ದೃಷ್ಟಿಯಲ್ಲಿ ಡಾಂಗಲ್ಲಿನ ವಿಷಯದಲ್ಲಿಯೂ ಅದೇ ಅಳತೆ ಸಾಕು; ಪೆಟ್ಟಿಗೆಯ ಮೇಲೆ ಮಾರಾಟಗಾರ ಯಾವ ಸಾಧನದ ಹೆಸರು ಅಚ್ಚು ಹಾಕಿದ್ದಾನೆ ಎಂಬುದಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ.

ಇಷ್ಟು ಸರಳವಾಗಿದ್ದರೆ ತಕರಾರು ಏಕೆ ಎಂದರೆ, ಹಣ. 1996ರಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿ, 2005ರ ಹೊತ್ತಿಗೆ ಕಂಪ್ಯೂಟರುಗಳ ಮೂಲ ಸುಂಕವನ್ನು ಸೊನ್ನೆಗೆ ಇಳಿಸಿತು. 8517ರಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು: 2018ರ ಬಜೆಟ್ ಸ್ಮಾರ್ಟ್ ವಾಚ್ ಮತ್ತು ಧರಿಸುವ ಸಾಧನಗಳ ಸುಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿತು. ಇಂಥ ಏರಿಕೆಗಳು ಒಪ್ಪಂದಕ್ಕೆ ವಿರುದ್ಧವೆಂದು ಯುರೋಪಿಯನ್ ಒಕ್ಕೂಟ, ಜಪಾನ್ ಮತ್ತು ತೈವಾನ್ ಹೂಡಿದ ವ್ಯಾಜ್ಯಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿಗಳು 2023ರ ಏಪ್ರಿಲ್‌ನಲ್ಲಿ ಭಾರತದ ವಿರುದ್ಧ ವರದಿ ನೀಡಿದವು. ಹೀಗಾಗಿ ಒಂದೇ ಡಾಂಗಲ್ 8471 ಆದರೆ ಸೊನ್ನೆ, 8517 ಆದರೆ ಸುಂಕದ ಹೊರೆ.

ಇನ್ನೊಂದು ತೊಡಕು ಪೆಟ್ಟಿಗೆಯದು. ಗಡಿಯಾರ, ಎದೆಪಟ್ಟಿ, ಡಾಂಗಲ್ ಮೂರನ್ನೂ ಚಿಲ್ಲರೆ ಮಾರಾಟದ ಒಂದೇ ಪೆಟ್ಟಿಗೆಯಲ್ಲಿ ತಂದರೆ, ವ್ಯಾಖ್ಯಾನದ ಸಾಮಾನ್ಯ ನಿಯಮ 3ರ ಪ್ರಕಾರ ಇಡೀ ಸೆಟ್ಟಿಗೆ ಅದರ ಮುಖ್ಯ ಗುಣವನ್ನು ಕೊಡುವ ವಸ್ತುವಿನ ಶೀರ್ಷಿಕೆಯೇ ಅನ್ವಯಿಸುತ್ತದೆ. ಬಿಡಿಯಾಗಿ ಬಂದಾಗ ಒಂದು ಸಂಖ್ಯೆ ಪಡೆಯುವ ಡಾಂಗಲ್ ಜೊತೆಯಲ್ಲಿ ಬಂದಾಗ ಗಡಿಯಾರದ ಸಂಖ್ಯೆಯನ್ನೇ ಹಂಚಿಕೊಳ್ಳುತ್ತದೆ.

2011ರಿಂದ ಸ್ವಯಂ ನಿರ್ಧರಣೆ ಜಾರಿಯಲ್ಲಿರುವುದರಿಂದ ಸಂಖ್ಯೆಯನ್ನು ಮೊದಲು ಬರೆಯುವ ಹೊಣೆ ಆಮದುದಾರನದು. ಮುಖಾಮುಖಿಯಿಲ್ಲದ ನಿರ್ಧರಣೆ 2020ರ ಜೂನ್ 8ರಂದು ಮೊದಲು ಆರಂಭವಾದದ್ದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಅದೂ 84 ಮತ್ತು 85ನೇ ಅಧ್ಯಾಯಗಳ ಸರಕಿನಿಂದ. ಅಂದಿನಿಂದ ಇಲ್ಲಿಗೆ ಬಂದ ಡಾಂಗಲ್ಲಿನ ಕಾಗದಗಳನ್ನು ಬೇರೆ ಊರಿನ ಅಧಿಕಾರಿ ಪರಿಶೀಲಿಸಬಹುದು. ಅವರ ಮುಂದೆ ಸಾಮಾನು ಇರುವುದಿಲ್ಲ, ಆಮದುದಾರ ಬರೆದ ವಿವರಣೆ ಮಾತ್ರ ಇರುತ್ತದೆ. ಬರಿದೇ ಕಂಪ್ಯೂಟರ್ ಬಿಡಿ ಉಪಕರಣ ಎಂದು ಬರೆದರೆ ಪ್ರಶ್ನೆ ಬರುವುದು ಬಹುಮಟ್ಟಿಗೆ ಖಚಿತ. ಯಾವ ತರಂಗದಲ್ಲಿ, ಯಾವುದರಿಂದ ಯಾವುದಕ್ಕೆ ಮಾಹಿತಿ ದಾಟಿಸುತ್ತದೆ ಎಂದು ಬರೆಯುವುದು ಒಳ್ಳೆಯದು. ಅನುಮಾನವಿದ್ದವರು ಸರಕು ತರಿಸುವ ಮೊದಲೇ, 2021ರಿಂದ ದೆಹಲಿ ಮತ್ತು ಮುಂಬೈಗಳಲ್ಲಿ ಕೆಲಸ ಮಾಡುತ್ತಿರುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೂರು ತಿಂಗಳೊಳಗೆ ತೀರ್ಪು ಕೊಡಬೇಕೆಂಬುದು ಕಾಯ್ದೆಯ ಮಾತು. ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಮೇಲ್ಮನವಿಯ ದಾರಿಯಿದೆ.