ಸರ್ವರ್‌ಗೆ ವಿಂಡೋಸಾ ಲಿನಕ್ಸಾ: ಮೊದಲು ಟ್ಯಾಲಿ ಇದೆಯಾ ಹೇಳಿ

"ಸಾರ್, ಹೊಸ ಸರ್ವರ್ ತಗೋತಿದೀವಿ. ವಿಂಡೋಸ್ ಹಾಕ್ಸೋದಾ, ಲಿನಕ್ಸ್ ಹಾಕ್ಸೋದಾ?" ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯವರಿಂದ ಹಿಡಿದು ಸವಳಂಗ ರಸ್ತೆಯ ನರ್ಸಿಂಗ್ ಹೋಂನವರವರೆಗೆ ಎಲ್ಲರೂ ಫೋನ್ ಮಾಡಿ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ: "ಟ್ಯಾಲಿ ಇದೆಯಾ?"

ಇದೆ ಅಂದರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು. ಲೆಕ್ಕಪತ್ರ ಇಡುವ ಈ ಸಾಫ್ಟ್‌ವೇರ್, ಅಂದರೆ ಈಗಿನ ಟ್ಯಾಲಿ ಪ್ರೈಮ್, ವಿಂಡೋಸ್‌ಗೆ ಅಂತಲೇ ಮಾಡಿದ್ದು. ಲಿನಕ್ಸ್ ಮೇಲೆ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಸಾಫ್ಟ್‌ವೇರ್) ಹಾಕಿ ಓಡಿಸುವ ಗಟ್ಟಿಗರೂ ಇದ್ದಾರೆ. ಆದರೆ ಮಾರ್ಚ್ ಕೊನೆಯ ವಾರ ಅದು ಕೈಕೊಟ್ಟರೆ ಯಾರನ್ನು ಕೇಳುತ್ತೀರಿ? ಆಡಿಟರ್ ಎದುರಿಗೆ ಕೂತಿರುವಾಗ ಅಂಥ ಸಾಹಸ ಬೇಡ.

ನಿಮ್ಮ ವ್ಯವಹಾರ ಯಾವ ಸಾಫ್ಟ್‌ವೇರ್ ಬಿಟ್ಟು ನಡೆಯುವುದಿಲ್ಲವೋ, ಸರ್ವರ್‌ನ ಓಎಸ್ (ವಿಂಡೋಸ್, ಲಿನಕ್ಸ್ ಥರದ ಮೂಲ ಸಾಫ್ಟ್‌ವೇರ್) ಆರಿಸುವುದು ಆ ಸಾಫ್ಟ್‌ವೇರೇ. ನೀವೂ ಅಲ್ಲ, ನಾನೂ ಅಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಕೇಳುತ್ತದೆ ಅಂತಿಟ್ಟುಕೊಳ್ಳಿ. ಆ ಡೇಟಾಬೇಸ್ 2017ರ ಆವೃತ್ತಿಯಿಂದ ಲಿನಕ್ಸ್ ಮೇಲೂ ಓಡುತ್ತದೆ, ನಿಜ. ಆದರೆ ಸಾಫ್ಟ್‌ವೇರ್ ಮಾರಿದವರು "ನಮ್ದು ವಿಂಡೋಸ್ ಮೇಲೆ ಮಾತ್ರ ಟೆಸ್ಟ್ ಮಾಡಿದ್ದು" ಅಂದರೆ ಕೈ ಮುಗಿದು ವಿಂಡೋಸ್ ಹಾಕಿಸಿ. ಬ್ರೌಸರ್‌ನಲ್ಲಿ ತೆರೆಯುವ ಸಾಫ್ಟ್‌ವೇರ್ ಆದರೆ ಮಾತು ಬೇರೆ. ವ್ಯವಹಾರ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಥರದ್ದು, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಬರೆದಿದ್ದು, ಇವೆಲ್ಲ ಲಿನಕ್ಸ್‌ನಲ್ಲೇ ಹುಟ್ಟಿ ಬೆಳೆದವು. ಅವಕ್ಕೆ ವಿಂಡೋಸ್ ಸರ್ವರ್ ಕೊಳ್ಳುವುದು ಸುಮ್ನೆ ದುಡ್ಡು ದಂಡ.

ಇನ್ನೊಂದು ವಿಷಯ. ನಾಲ್ಕೈದು ಕಂಪ್ಯೂಟರ್ ಇರುವ ಅಂಗಡಿಗೆ ಸರ್ವರ್ ಓಎಸ್ ಬೇಕೇ ಬೇಕು ಅಂತೇನಿಲ್ಲ. ವಿಂಡೋಸ್ 11 ಪ್ರೊ ಇರುವ ಒಳ್ಳೆಯ ಮಷಿನ್ ಒಂದನ್ನು ಮೂಲೆಗಿಟ್ಟು ಫೈಲ್, ಪ್ರಿಂಟರ್ ಹಂಚಿಕೊಂಡರೆ ಸಾಕು. ಅದರ ಲೈಸೆನ್ಸ್ ಈ ಕೆಲಸಕ್ಕೆ 20 ಸಾಧನಗಳವರೆಗೆ ಒಪ್ಪುತ್ತದೆ. ಡೀಲರ್ ಇದನ್ನು ತಾನಾಗಿ ಹೇಳುವುದು ಕಡಿಮೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ, ಜನ ಜಾಸ್ತಿ ಎಡವುವುದು ಇಲ್ಲೇ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಲೈಸೆನ್ಸ್ ಪ್ರೊಸೆಸರ್‌ನ ಕೋರ್ (ಅದರೊಳಗಿನ ಕೆಲಸ ಮಾಡುವ ಘಟಕ) ಲೆಕ್ಕದಲ್ಲಿ. ಒಂದು ಸರ್ವರ್‌ಗೆ ಕನಿಷ್ಠ 16 ಕೋರ್. ನಿಮ್ಮ ಮಷಿನ್‌ನಲ್ಲಿ 8 ಕೋರ್ ಇದ್ದರೂ 16ರ ದುಡ್ಡು ಕೊಡಬೇಕು. ಅದಾದ ಮೇಲೆ ಸಿಎಎಲ್, ಅಂದರೆ ಸರ್ವರ್ ಬಳಸುವುದಕ್ಕೆ ಬೇರೆ ಲೈಸೆನ್ಸ್. ಬಸ್ಸನ್ನೇ ಕೊಂಡುಕೊಂಡ ಮೇಲೂ ಹತ್ತುವವರಿಗೆಲ್ಲ ತಲೆಗೊಂದು ಟಿಕೆಟ್ ತೆಗೆದಹಾಗೆ ಇದು. ಸರ್ವರ್ ಬಳಸುವ ಪ್ರತಿ ಮನುಷ್ಯನಿಗೆ, ಇಲ್ಲವೇ ಪ್ರತಿ ಸಾಧನಕ್ಕೆ ಒಂದೊಂದು. ಯಾವುದು ತೆಗೆದುಕೊಳ್ಳಬೇಕು ಅನ್ನುವುದು ನಿಮ್ಮ ಕೆಲಸದ ರೀತಿ ನೋಡಿ. ನರ್ಸಿಂಗ್ ಹೋಂ ರಿಸೆಪ್ಷನ್‌ನಲ್ಲಿ ಕಂಪ್ಯೂಟರ್ ಒಂದೇ, ಮೂರು ಶಿಫ್ಟಿಗೆ ಮೂರು ಜನ ಕೂರುತ್ತಾರೆ. ಅಲ್ಲಿ ಸಾಧನದ ಸಿಎಎಲ್ ಲಾಭ. ಮಂಡಿ ಸಾಹುಕಾರರು ಅಂಗಡಿಯ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್ ಎರಡರಲ್ಲೂ ನೋಡುತ್ತಾರೆ. ಅವರಿಗೆ ಮನುಷ್ಯನ ಲೆಕ್ಕದ್ದು. ನೆನಪಿಡಿ, 2019ರ ಸರ್ವರ್‌ಗೆ ತೆಗೆದ ಸಿಎಎಲ್ 2022ರ ಸರ್ವರ್‌ಗೆ ನಡೆಯುವುದಿಲ್ಲ.

ಸಣ್ಣವರಿಗೆ ಎಸೆನ್ಷಿಯಲ್ಸ್ ಅಂತ ಒಂದು ಆವೃತ್ತಿ ಇದೆ. 25 ಜನ, 50 ಸಾಧನದವರೆಗೆ ಸಿಎಎಲ್ ಬೇಕಾಗಿಲ್ಲ. ಸರ್ವರ್ ತಯಾರಿಸುವ ಕಂಪನಿಯಿಂದ ಮಷಿನ್ ಜೊತೆಗೇ ಬರುತ್ತದೆ. ಬಾಯಿ ಬಿಟ್ಟು ಕೇಳಬೇಕು.

ತೀರ್ಥಹಳ್ಳಿ, ಸಾಗರದ ಬ್ರಾಂಚ್‌ನವರು ಶಿವಮೊಗ್ಗದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ದೂರದಿಂದಲೇ ಸರ್ವರ್‌ನ ಪರದೆ ತೆರೆದು) ಬಂದು ಟ್ಯಾಲಿ ಮಾಡುತ್ತಾರಾದರೆ ಇನ್ನೊಂದು ಖರ್ಚಿದೆ. ಮಾಮೂಲಿಯಾಗಿ ಸಿಗುವ ಎರಡು ರಿಮೋಟ್ ಸಂಪರ್ಕ ಇರುವುದು ಸರ್ವರ್ ನೋಡಿಕೊಳ್ಳುವವರಿಗೆ, ವೋಚರ್ ಹಾಕುವವರಿಗಲ್ಲ. ಅದಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನ ಸಿಎಎಲ್, ಅಂದರೆ ಆರ್‌ಡಿಎಸ್ ಸಿಎಎಲ್, ಬೇರೆಯೇ ತೆಗೆಯಬೇಕು. ಮೊದಲ 120 ದಿನ ಏನೂ ಕೇಳದೆ ಒಳಗೆ ಬಿಡುತ್ತದೆ. ಎಲ್ಲ ಸರಿಯಾಗಿದೆ ಅಂದುಕೊಂಡಿರುವಾಗ 121ನೇ ದಿನ ಬ್ರಾಂಚ್‌ನಿಂದ ಫೋನ್ ಬರುತ್ತದೆ.

ಇದೇ ಜಾತಿಯ ಇನ್ನೊಂದು ಪ್ರಕರಣ ಹೇಳಲೇಬೇಕು. ಮಳೆಗಾಲ. ಒಂದು ಅಂಗಡಿಯ ಸರ್ವರ್ ಆಗಾಗ ತಾನಾಗೇ ಆಫ್ ಆಗುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಕರೆಂಟು. ಯುಪಿಎಸ್ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು, ಅರ್ತಿಂಗ್‌ಗೆ ಉಪ್ಪು ಇದ್ದಿಲು ಹಾಕಿಸಿದರು. "ಏನು ಮಾಡಿದ್ರೂ ಅಷ್ಟೇ ಮಾರಾಯ್ರೆ" ಅಂದರು. ವಿಂಡೋಸ್ ತನ್ನ ದಿನಚರಿ ತೋರಿಸುವ ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿದರೆ ಸರಿಯಾಗಿ ಗಂಟೆಗೊಂದು 1074 ನಂಬರಿನ ಸಾಲು. ಮಷಿನ್ ಆಫ್ ಮಾಡಿದ ಪ್ರೋಗ್ರಾಂನ ಹೆಸರು ಡಬ್ಲ್ಯುಎಲ್‌ಎಂಎಸ್. ಅದು ವಿಂಡೋಸ್‌ನದೇ ಲೈಸೆನ್ಸ್ ಕಾವಲುಗಾರ. ಸರ್ವರ್ ಹಾಕಿದವರು ಮೈಕ್ರೋಸಾಫ್ಟ್‌ನ 180 ದಿನದ ಟ್ರಯಲ್ ಆವೃತ್ತಿ ಹಾಕಿ, ಪೂರ್ತಿ ದುಡ್ಡು ಎಣಿಸಿಕೊಂಡು ಹೋಗಿದ್ದರು. ಅವಧಿ ಮುಗಿದ ಮೇಲೆ ಗಂಟೆಗೊಮ್ಮೆ ಆಫ್ ಆಗುವುದೇ ಅದರ ನಿಯಮ. ಕರೆಂಟು ಅವತ್ತು ನಿರಪರಾಧಿ.

ಲಿನಕ್ಸ್‌ಗೆ ಕೋರ್ ಲೆಕ್ಕ ಇಲ್ಲ, ತಲೆ ಲೆಕ್ಕ ಇಲ್ಲ. ಖರ್ಚೇ ಇಲ್ಲ ಅಂತಲ್ಲ, ಅದು ಗೊತ್ತಿರುವ ಮನುಷ್ಯನಿಗೆ ಕೊಡಬೇಕಾದ ಖರ್ಚು ಇದ್ದೇ ಇದೆ. ವಿಂಡೋಸ್ ಗೊತ್ತಿರುವ ಹುಡುಗರು ದುರ್ಗಿಗುಡಿಯಲ್ಲಿ ನಿಂತು ಕರೆದರೆ ಸಿಗುತ್ತಾರೆ. ಲಿನಕ್ಸ್ ಚೆನ್ನಾಗಿ ಕಲಿತ ಹುಡುಗರನ್ನೂ ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳು ತಯಾರು ಮಾಡುತ್ತವೆ, ಆದರೆ ಅವರು ರಾತ್ರಿ ಬಸ್ಸಿಗೆ ಬೆಂಗಳೂರು ಸೇರುತ್ತಾರೆ. ಒಂದು ಸಮಾಧಾನ ಇದೆ. ಲಿನಕ್ಸ್ ಸರ್ವರ್ ಅನ್ನು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಆಜ್ಞೆ ಟೈಪ್ ಮಾಡಿ) ನೋಡಿಕೊಳ್ಳಬಹುದು, ಅಲ್ಲಿ ಹರಿದಾಡುವುದು ಬರೀ ಅಕ್ಷರ. ಹೊಸನಗರದ ಆಚೆ, ಸಿಗ್ನಲ್ ಒಂದು ಕಡ್ಡಿ ಇರುವ ಕಡೆಯೂ ಕೆಲಸ ನಡೆಯುತ್ತದೆ. ಅದೇ ಲೈನಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಮೌಸ್ ಒತ್ತಿ ಚಹಾ ಕುಡಿದು ಬರಬಹುದು.

ಲಿನಕ್ಸ್‌ನಲ್ಲಿ ಬೇರೆ ಬೇರೆಯವರು ಮಾಡಿದ ಬಗೆಗಳಿವೆ, ಹಾಗಾಗಿ ಲಿನಕ್ಸ್ ಅಂದಮೇಲೆ ಯಾವ ಲಿನಕ್ಸ್ ಅನ್ನುವ ಪ್ರಶ್ನೆ. ಹಿಂದೆ ಎಲ್ಲರೂ ಕಣ್ಣು ಮುಚ್ಚಿ ಸೆಂಟ್‌ಓಎಸ್ ಹಾಕುತ್ತಿದ್ದರು. 2029ರವರೆಗೆ ಬರಬೇಕಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುತ್ತೇವೆ ಅಂತ ಅದನ್ನು ಮಾಡುವವರು 2020ರ ಡಿಸೆಂಬರ್‌ನಲ್ಲಿ ಹೇಳಿದರು. ಹೇಳಿದಹಾಗೆ ನಿಲ್ಲಿಸಿಯೂ ಬಿಟ್ಟರು. ಸೆಂಟ್‌ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದಿದ್ದು ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್, ಎರಡೂ ಒಂದೊಂದು ಆವೃತ್ತಿಗೆ ಹತ್ತು ವರ್ಷ ನೋಡಿಕೊಳ್ಳುತ್ತೇವೆ ಅನ್ನುತ್ತವೆ. ಉಬುಂಟು ಎಲ್‌ಟಿಎಸ್ (ಹೆಚ್ಚು ಕಾಲ ಸಪೋರ್ಟ್ ಇರುವ ಆವೃತ್ತಿ) ಎರಡು ವರ್ಷಕ್ಕೊಂದು ಬರುತ್ತದೆ, ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಡೆಬಿಯನ್‌ನಲ್ಲಿ ಮೂರು ವರ್ಷ, ಮೇಲೆ ಎಲ್‌ಟಿಎಸ್ ಅಂತ ಎರಡು. ನನಗೆ ಡೆಬಿಯನ್ ಇಷ್ಟ, ಹೊಸತನದ ಚಪಲ ಕಡಿಮೆ ಅದಕ್ಕೆ. ಆದರೆ ನಿಮ್ಮ ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಉಬುಂಟು ಗೊತ್ತಿದ್ದರೆ ಉಬುಂಟುವೇ ಸರಿ. ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿಗೆ ದುಡ್ಡು ಕೊಟ್ಟು ಸಪೋರ್ಟ್ ತೆಗೆದುಕೊಳ್ಳುವುದು ದೊಡ್ಡ ಕಾರ್ಖಾನೆ, ಬ್ಯಾಂಕಿನವರ ಮಾತು. ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲ, ಅದರ ಥರದ ಇನ್ನೊಂದು ಓಎಸ್. ಗಟ್ಟಿಮುಟ್ಟು, ಆದರೆ ಇಲ್ಲಿ ನೋಡಿಕೊಳ್ಳುವವರು ಸಿಗುವುದಿಲ್ಲ.

ಸಹಕಾರ ಸಂಘದ ಕಾರ್ಯದರ್ಶಿಯೊಬ್ಬರು ಕೇಳಿದ್ದರು: "ನುಡಿಯಲ್ಲಿ ಹೊಡೆದ ಹಳೇ ಠರಾವೆಲ್ಲ ಲಿನಕ್ಸ್‌ಗೆ ಹಾಕಿದ್ರೆ ಅಕ್ಷರ ಕೆಡುತ್ತಾ?" ಕೆಡುವುದಿಲ್ಲ. ಸರ್ವರ್ ಫೈಲನ್ನು ಇದ್ದಹಾಗೆ ಇಟ್ಟುಕೊಳ್ಳುತ್ತದೆ ಅಷ್ಟೇ. ಅಕ್ಷರ ಮೂಡುವುದು ನಿಮ್ಮ ಮೇಜಿನ ಕಂಪ್ಯೂಟರ್‌ನಲ್ಲಿರುವ ಫಾಂಟ್‌ನಿಂದ. ಸಾಂಬಾ (ಫೋಲ್ಡರ್ ಹಂಚುವ ಪ್ರೋಗ್ರಾಂ) ಹಾಕಿದ ಲಿನಕ್ಸ್ ಮಷಿನ್ ಗುಮಾಸ್ತರಿಗೆ ಮಾಮೂಲಿ ವಿಂಡೋಸ್ ಫೋಲ್ಡರ್ ಥರವೇ ಕಾಣುತ್ತದೆ.

"ಲಿನಕ್ಸ್‌ಗೆ ವೈರಸ್ ಬರಲ್ಲ ಅಲ್ವಾ?" ಈ ನಂಬಿಕೆಯಿಂದ ಆಗುವ ನಷ್ಟ ದೊಡ್ಡದು. ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದು ಕೂರುವುದು ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ. ಆ ಕಂಪ್ಯೂಟರ್‌ಗೆ ಸರ್ವರ್‌ನ ಫೋಲ್ಡರ್ ತೆರೆದು ಬರೆಯುವ ಅಧಿಕಾರ ಇರುತ್ತದೆ. ಅದೇ ಅಧಿಕಾರದಲ್ಲಿ ಅದು ಸರ್ವರ್‌ನ ಫೈಲುಗಳಿಗೂ ಬೀಗ ಹಾಕುತ್ತದೆ. ಕೆಳಗಿರುವುದು ವಿಂಡೋಸೋ ಲಿನಕ್ಸೋ ಅಂತ ಅದು ಕೇಳುವುದಿಲ್ಲ. ಲಿನಕ್ಸ್‌ನಲ್ಲಿರುವ ಅನುಕೂಲ ಬೇರೆ. ಜೆಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂನಲ್ಲಿ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಗಂಟೆಗೊಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಫೈಲುಗಳ ಪಡಿಯಚ್ಚು, ಇಡಬಹುದು, ಬಿಲ್ಲಿಂಗ್ ಕಂಪ್ಯೂಟರ್‌ಗೆ ಅದನ್ನು ಅಳಿಸುವ ಅಧಿಕಾರ ಇಲ್ಲ. ವಿಂಡೋಸ್‌ನಲ್ಲೂ ಇದೇ ಥರದ ಶ್ಯಾಡೋ ಕಾಪಿ ಇದೆ, ಆದರೆ ವೈರಸ್ ಸರ್ವರ್ ಒಳಗೇ ನುಗ್ಗಿದರೆ ಮೊದಲು ಅಳಿಸುವುದು ಅದನ್ನೇ. ಒಳಗೆ ನುಗ್ಗುವ ದಾರಿಯೂ ಗೊತ್ತಿರುವುದೇ, ಇಂಟರ್ನೆಟ್‌ಗೆ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389. ಬ್ರಾಂಚ್‌ನವರು ಬರಬೇಕಾದರೆ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಒಳಗಿಂದ ಬರಲಿ.

ಕರೆಂಟಿನ ವಿಷಯದಲ್ಲಿ ಎರಡೂ ಸಮ. ಶರಾವತಿಯಿಂದ ಇಡೀ ರಾಜ್ಯಕ್ಕೆ ವಿದ್ಯುತ್ ಹೋಗುವ ಜಿಲ್ಲೆಯಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಎಕ್ಸ್ಟ್4 ಎರಡಕ್ಕೂ ಜರ್ನಲ್ (ಮಾಡುವ ಬದಲಾವಣೆ ಬರೆದಿಡುವ ಪುಸ್ತಕ) ಇದೆ, ಫೈಲ್ ಸಿಸ್ಟಂ ಉಳಿಯುತ್ತದೆ. ಆ ಕ್ಷಣ ಬರೆಯುತ್ತಿದ್ದ ಫೈಲ್ ಉಳಿಯುತ್ತದೆ ಅಂತ ಯಾರೂ ಹೇಳಲಾರರು. ಯುಪಿಎಸ್ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಆ ಕೇಬಲ್ಲನ್ನು ಸರ್ವರ್‌ಗೆ ಹಾಕಿ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ನೀಟಾಗಿ ಆಫ್ ಆಗುವಂತೆ ಎರಡರಲ್ಲೂ ಮಾಡಬಹುದು, ಲಿನಕ್ಸ್‌ನಲ್ಲಿ ಅದಕ್ಕೆ ನಟ್ ಅಂತ ಪ್ರೋಗ್ರಾಂ ಇದೆ. ಬಹಳ ಅಂಗಡಿಗಳಲ್ಲಿ ಆ ಕೇಬಲ್ ಡಬ್ಬಿಯಿಂದ ಹೊರಗೇ ಬಂದಿರುವುದಿಲ್ಲ.

ಮಧ್ಯಮ ಗಾತ್ರದ ಮಂಡಿ, ನರ್ಸಿಂಗ್ ಹೋಂಗೆ ನಾನು ಹೇಳುವುದು ಎರಡು ಮಷಿನ್. ಟ್ಯಾಲಿ, ಬಿಲ್ಲಿಂಗ್‌ಗೆ ವಿಂಡೋಸ್. ಫೈಲ್, ಬ್ಯಾಕಪ್‌ಗೆ ಪಕ್ಕದಲ್ಲಿ ಸಾಧಾರಣ ಹಳೇ ಮಷಿನ್ ಒಂದಕ್ಕೆ ಹೊಸ ಡಿಸ್ಕ್ ಹಾಕಿ ಲಿನಕ್ಸ್. ಬ್ಯಾಕಪ್ಪನ್ನು ವಿಂಡೋಸ್ ಕಳಿಸುವುದು ಬೇಡ, ಲಿನಕ್ಸೇ ಬಂದು ಎಳೆದುಕೊಳ್ಳಲಿ. ಆಗ ವಿಂಡೋಸ್ ಮಷಿನ್‌ಗೆ ಬ್ಯಾಕಪ್ ಮುಟ್ಟುವ ದಾರಿಯೇ ಇರುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದು ಲೆಕ್ಕಪುಸ್ತಕ ಕಂಪ್ಯೂಟರ್‌ನಲ್ಲಿದ್ದರೆ, ಅದರ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನಾ ಇರಬೇಕು ಅಂತ 2022ರಿಂದ ಕಂಪನಿ ನಿಯಮವೇ ಇದೆ. ಕ್ಲೌಡ್‌ಗೆ ಹಾಕುವವರು ಅದು ಯಾವ ಊರಿನ ಡೇಟಾ ಸೆಂಟರ್ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಇರುವ ಸರ್ವರ್‌ನಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ (winver) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 2012 ಆರ್2 ಅಂತ ಬಂದರೆ ಅದರ ಸಪೋರ್ಟ್ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. 2016ರದ್ದಕ್ಕೆ 2027ರ ಜನವರಿ 12 ಕೊನೆ, 2019ರದ್ದಕ್ಕೆ 2029ರ ಜನವರಿ 9. 2022ರದ್ದು 2031ರ ಅಕ್ಟೋಬರ್‌ವರೆಗೆ ಬರುತ್ತದೆ. 2016 ಇಟ್ಟುಕೊಂಡ ಮಂಡಿಯವರು ಕೊಯ್ಲು ಶುರುವಾಗುವ ಮೊದಲೇ ಬದಲಾಯಿಸಿ. ಅಡಿಕೆ ಯಾರ್ಡಿಗೆ ಬರಲು ಶುರುವಾದ ಮೇಲೆ ಒಂದು ದಿನ ಸರ್ವರ್ ನಿಲ್ಲಿಸೋಣ ಅಂದರೆ ಸಾಹುಕಾರರೂ ಒಪ್ಪುವುದಿಲ್ಲ, ಗುಮಾಸ್ತರೂ ಒಪ್ಪುವುದಿಲ್ಲ.