ಟವರ್ ಡಂಪ್ ಎಂದರೇನು?

ಶವದ ಗುರುತಿಲ್ಲ, ಕಂಡವರಿಲ್ಲ, ಅನುಮಾನಕ್ಕೂ ಒಂದು ಹೆಸರಿಲ್ಲ. ಘಾಟಿ ರಸ್ತೆಯ ಇಂಥ ಕೊಲೆ ಕೇಸುಗಳಲ್ಲಿ ತನಿಖಾಧಿಕಾರಿ ಮೊದಲು ಬರೆಯುವ ಪತ್ರಗಳಲ್ಲಿ ಟವರ್ ಡಂಪಿನದೂ ಒಂದು. ಡಂಪ್ ಅಂದರೆ ರಾಶಿ. ಒಂದು ಮೊಬೈಲ್ ಟವರಿನ ಮೂಲಕ ಗೊತ್ತುಮಾಡಿದ ಅವಧಿಯಲ್ಲಿ ಹಾದುಹೋದ ಕರೆ, ಎಸ್ಸೆಮ್ಮೆಸ್‌ಗಳ ಅಷ್ಟೂ ದಾಖಲೆಯನ್ನು ಕಂಪನಿಯವರು ಸುರಿದು ಕೊಡುತ್ತಾರೆ. ನಂಬರು ಗೊತ್ತಿದ್ದರೆ ಕೇಳುವುದು ಸಿಡಿಆರ್, ಅಂದರೆ ಆ ಒಂದು ನಂಬರಿನ ಕರೆ ದಾಖಲೆ. ಜಾಗ ಮತ್ತು ಹೊತ್ತು ಮಾತ್ರ ಗೊತ್ತಿದ್ದರೆ ಡಂಪ್. ಏನು ಮಾತಾಡಿದರು ಎಂಬುದು ಎರಡರಲ್ಲೂ ಇರುವುದಿಲ್ಲ.

ಒಂದೊಂದು ಸಾಲಿನಲ್ಲಿ ಕರೆ ಮಾಡಿದ ನಂಬರು, ಹೋದ ನಂಬರು, ಸಮಯ, ಎಷ್ಟು ಸೆಕೆಂಡು, ಸೆಲ್ ಐಡಿ, ಸಿಮ್ಮಿನ ಗುರುತು ಸಂಖ್ಯೆ ಐಎಂಎಸ್ಐ, ಹ್ಯಾಂಡ್‌ಸೆಟ್ಟಿನ ಗುರುತು ಸಂಖ್ಯೆ ಐಎಂಇಐ ಇರುತ್ತವೆ. ಸೆಲ್ ಐಡಿ ಎಂದರೆ ಇಡೀ ಟವರಲ್ಲ, ಅದರ ಒಂದು ಮಗ್ಗುಲು. ಸಾಮಾನ್ಯವಾಗಿ ಒಂದು ಟವರಿಗೆ ಮೂರು ಸೆಕ್ಟರ್, ಒಂದೊಂದಕ್ಕೆ ಸುಮಾರು 120 ಡಿಗ್ರಿ. ಜೇಬಿನಲ್ಲಿ ಸುಮ್ಮನೆ ಮಲಗಿದ ಫೋನು ಈ ಪಟ್ಟಿಗೆ ಬರುವುದಿಲ್ಲ, ಕರೆಯೋ ಮೆಸೇಜೋ ಆಗಬೇಕು. ಎಲ್ಲರೂ ಬೈಯುವ ಜಾಹೀರಾತಿನ ಮೆಸೇಜು ಬಂದರೂ ಒಂದು ಸಾಲು ಬಿದ್ದಿರುತ್ತದೆ! ವಾಟ್ಸಾಪ್ ಕರೆ ಇಲ್ಲಿ ಕಾಣದು. ಅದಕ್ಕೆ ಐಪಿಡಿಆರ್, ಅಂದರೆ ಇಂಟರ್ನೆಟ್ ಬಳಕೆಯ ದಾಖಲೆ, ಬೇರೆಯೇ ಕೇಳಬೇಕು.

ಎಡವಟ್ಟು ಶುರುವಾಗುವುದು ಯಾವ ಟವರಿನದು ಕೇಳಬೇಕು ಎನ್ನುವಲ್ಲಿ. ಬಯಲುಸೀಮೆಯಲ್ಲಿ ಹತ್ತಿರದ ಟವರು ಹಿಡಿದರೆ ಹೆಚ್ಚುಕಡಿಮೆ ನಡೆಯುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಕೂಗಳತೆಯಲ್ಲಿರುವ ಟವರಿಗೆ ಒಂದು ದಿಬ್ಬ ಅಡ್ಡ ಬಂದು, ಕಣಿವೆಯಾಚೆ ಗುಡ್ಡದ ನೆತ್ತಿಯ ಟವರಿಗೆ ಫೋನು ಅಂಟಿಕೊಳ್ಳಬಹುದು. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದಿಂದ ಕೆಳಗಿಳಿದಂತೆ ಸಿಗ್ನಲ್ ಬೆಳ್ತಂಗಡಿ ಕಡೆಯದ್ದೂ ಆಗಬಹುದು. ನಕಾಶೆ ನೋಡಿ ಅರ್ಜಿ ಬರೆದರೆ ಬೇಕಾದ ಸೆಕ್ಟರೇ ತಪ್ಪಿಹೋಗುತ್ತದೆ. ಶವ ಸಿಕ್ಕ ಜಾಗದಲ್ಲೇ ನಿಂತು ಜಿಯೊ, ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್ ನಾಲ್ಕರ ಸಿಮ್ಮಿನಲ್ಲೂ ಯಾವ್ಯಾವ ಸೆಲ್ ಐಡಿ ಸಿಗುತ್ತದೆಂದು ನೋಡಿ, ಸ್ಥಳ ಮಹಜರಿನಲ್ಲಿ ಬರೆಸುವುದು ಸರಿಯಾದ ಕ್ರಮ. ಸಿಗ್ನಲ್ಲೇ ಇಲ್ಲದ ಕಡೆ ಎರಡೂ ತುದಿಯ ಟವರು ಹಿಡಿಯಬೇಕು. ಶಿರಾಡಿ ಘಾಟಿಯಾದರೆ ಮೇಲೆ ಮಾರನಹಳ್ಳಿ, ಕೆಳಗೆ ಗುಂಡ್ಯ. ನಡುವೆ ಬೇಕಾದ್ದಕ್ಕಿಂತ ಒಂದು ಗಂಟೆ ಹೆಚ್ಚು ಹಿಡಿದ ಫೋನು ಎಲ್ಲಿ ನಿಂತಿತ್ತು ಎಂಬುದೇ ಆಮೇಲಿನ ಪ್ರಶ್ನೆ. ಆ ರಾತ್ರಿ ಘಾಟಿಯಲ್ಲಿ ಲಾರಿ ಕೆಟ್ಟು ಸಾಲುಗಟ್ಟಿತ್ತೇ ಎಂದೂ ವಿಚಾರಿಸಿಕೊಳ್ಳಿ.

ಇನ್ನು ಜರಡಿ. ಒಂದು ಡಂಪಿನಿಂದ ಏನೂ ಆಗದು, ಎರಡಾದರೂ ಬೇಕು. ಸತ್ತವನು ಕೊನೆಗೆ ಕಂಡದ್ದು ಹಾಸನದ ಬಸ್ ನಿಲ್ದಾಣದಲ್ಲಿ, ಶವ ಸಿಕ್ಕಿದ್ದು ಘಾಟಿಯಲ್ಲಿ ಅಂದುಕೊಳ್ಳಿ. ಎರಡು ಪಟ್ಟಿಯಲ್ಲೂ ಇರುವ ನಂಬರು ಆರಿಸಬೇಕು. ಅದೇ ಘಾಟಿಯ ಹಿಂದಿನ ವಾರದ ಅದೇ ಹೊತ್ತಿನ ಡಂಪ್ ಕೂಡ ಇದ್ದರೆ ತೋಟದ ಲೈನ್ ಮನೆಯವರು, ದಿನಾ ಓಡಾಡುವ ಬಸ್ಸಿನವರು ತಾನಾಗಿ ಬೇರೆಯಾಗುತ್ತಾರೆ. ನಂಬರಿನಿಂದ ಹೊಂದಿಸಿ ನಿಲ್ಲಿಸಬೇಡಿ, ಐಎಂಇಐಯಿಂದಲೂ ಹೊಂದಿಸಿ. ಸಿಮ್ ಬಿಸಾಡುವವರು ಹ್ಯಾಂಡ್‌ಸೆಟ್ ಬಿಸಾಡಲು ಹಿಂದೆಮುಂದೆ ನೋಡುತ್ತಾರೆ.

ಎಷ್ಟೋ ಕೆಲಸ ಹಾಳಾಗುವುದು ಎಕ್ಸೆಲ್ಲಿನಲ್ಲಿ. ಫೈಲನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ 15 ಅಂಕಿಯ ಐಎಂಇಐ 3.56ಇ+14 ಎಂದು ಕಾಣುತ್ತದೆ. ಹಾಗೇ ಸಿಎಸ್‌ವಿಯಾಗಿ ಸೇವ್ ಒತ್ತಿದರೆ ಅಂಕಿಗಳು ಹೋದವು, ತಿರುಗಿ ಬರವು. ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಇಂಪೋರ್ಟ್ ಮಾಡಬೇಕು, ಮೂಲ ಫೈಲು ಮುಟ್ಟಬಾರದು. ಐಎಂಇಐಯ ಕೊನೆಯ ಅಂಕಿ ತಾಳೆ ನೋಡುವ ಅಂಕಿ. ಕಂಪನಿಯ ದಾಖಲೆಯಲ್ಲಿ ಅಲ್ಲಿ ಬರೀ ಸೊನ್ನೆ ಇರುವುದುಂಟು. ಆದ್ದರಿಂದ ಮೊದಲ 14 ಅಂಕಿ ಹೋಲಿಸಿ.

ಇಷ್ಟಾದರೂ ಸಿಕ್ಕಿದ್ದು ಫೋನು, ಮನುಷ್ಯನಲ್ಲ. ಅಣ್ಣನ ಹೆಸರಿನ ಸಿಮ್ ತಮ್ಮನ ಜೇಬಿನಲ್ಲಿರುವುದು ನಮ್ಮಲ್ಲಿ ಹೊಸದೇನಲ್ಲ. ಆ ಹೊತ್ತಿಗೆ ಫೋನು ಯಾರ ಕೈಲಿತ್ತು ಎಂಬುದಕ್ಕೆ ಪೆಟ್ರೋಲ್ ಬಂಕಿನ ಸಿಸಿಟಿವಿ, ಯುಪಿಐ ಪಾವತಿ, ಆಚೆ ಕಡೆ ಮಾತಾಡಿದವರ ಹೇಳಿಕೆ ಬೇಕು. ಸಿಸಿಟಿವಿಯ ಗಡಿಯಾರ ಎಷ್ಟು ನಿಮಿಷ ಹಿಂದೆಮುಂದಿದೆ ಎಂದು ಅಲ್ಲೇ ಬರೆದುಕೊಳ್ಳದಿದ್ದರೆ ಎರಡೂ ತಾಳೆಯಾಗುವುದಿಲ್ಲ.

ಕಂಪನಿಗಳು ಕರೆ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕೆಂಬ ಷರತ್ತು ಬಂದದ್ದು 2021ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಒಂದೇ ವರ್ಷ ಇತ್ತು. ಪತ್ತೆಯಾಗದೆ ಸಿ ರಿಪೋರ್ಟ್ ಆದ ಕೇಸನ್ನು ಐದು ವರ್ಷದ ಮೇಲೆ ತೆರೆದಾಗ ಕಂಪನಿಯಲ್ಲಿ ಏನಾದರೂ ಸಿಗುತ್ತದೆಂದು ನೆಚ್ಚುವಂತಿಲ್ಲ. ಕಡತದಲ್ಲಿ ಅಂದು ಇಟ್ಟ ಸಿಡಿಯೇ ಗತಿ. ಅದರ ಜತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರವೂ ಇರಬೇಕು: ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರದು. ಹೊಸ ನಮೂನೆಯಲ್ಲಿ ಎರಡು ಭಾಗ, ಒಂದಕ್ಕೆ ದಾಖಲೆ ಕೊಟ್ಟವರ ಸಹಿ, ಇನ್ನೊಂದಕ್ಕೆ ತಜ್ಞರದು, ಜತೆಗೆ ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಹ್ಯಾಶ್ ಮೌಲ್ಯ. ಮೂಲ ಸಾಧನವನ್ನೇ ಹಾಜರುಪಡಿಸದಿದ್ದಾಗ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಹೇಳಿದೆ. ಟೆಲಿಕಾಂ ಕಂಪನಿಯ ಸರ್ವರನ್ನು ಹಾಸನದ ಕೋರ್ಟಿಗೆ ಹೊತ್ತು ತರಲಾಗದು, ಹಾಗಾಗಿ ಡಂಪ್ ತರಿಸಿದ ದಿನವೇ ಈ ಕಾಗದವನ್ನೂ ತರಿಸಿಕೊಳ್ಳಬೇಕು.